ಹುಳು ಇರುವ ತನಕ

ಚೌಡರೆಡ್ಡಿಹಳ್ಳಿ, ಶಿಡ್ಲಘಟ್ಟ ತಾಲ್ಲೂಕು
6 ಜೂನ್ 2024

ಚಿ. ಸೌ. ಶಿರೀಷಾಳಿಗೆ ಅತ್ತೆ ಆದಿಲಕ್ಷ್ಮಮ್ಮ ಬರೆಯುವುದು,

ಸೌ. ಎಂದು ಬರೆದದ್ದಕ್ಕೆ ಮುಖ ಸಿಂಡರಿಸಬೇಡ. ಕೋರ್ಟಿನಲ್ಲಿ ನಿಮ್ಮಿಬ್ಬರಿಗೂ ಯೋಚನೆ ಮಾಡಲು ಆರು ತಿಂಗಳು ಕೊಟ್ಟಿದ್ದಾರೆ. ಡಿಸೆಂಬರಿನಲ್ಲಿ ಮತ್ತೆ ಹೋಗಿ ಬೇಡವೆಂದು ಹೇಳುವವರೆಗೆ ನೀನು ಈ ಮನೆಯ ಸೊಸೆಯೇ. ಅದು ಕಾನೂನು, ನಾನು ಮಾಡಿದ್ದಲ್ಲ. ಅಲ್ಲಿಯವರೆಗೆ ಎರಡು ಮನೆಯವರೂ ಫೋನಿನಲ್ಲಿ ಮಾತಾಡುವುದು ಬೇಡ ಎಂದು ವಕೀಲರು ಹೇಳಿದರು. ಕಾಗದದ ಬಗ್ಗೆ ಅವರು ಏನೂ ಹೇಳಲಿಲ್ಲ. ನಾನೂ ಏಳನೇ ಕ್ಲಾಸು ಪಾಸಾದವಳು, ಅಕ್ಷರ ಇನ್ನೂ ಮರೆತಿಲ್ಲ.

ಮೊನ್ನೆ ಚಿಂತಾಮಣಿಯ ಕೋರ್ಟಿನ ಹೊರಗೆ ನಿನ್ನನ್ನು ನೋಡಿದೆ. ಏನು ಸೊರಗಿದ್ದೀಯೇ. ಗೌರಿಬಿದನೂರಿನ ಆ ರೂಮಿನಲ್ಲಿ ಅಡುಗೆ ಮಾಡಿಕೊಳ್ಳುತ್ತೀಯೋ, ಇಲ್ಲ ಪಾಠ ಹೇಳುವ ಕಾಲೇಜಿನ ಕ್ಯಾಂಟೀನಿನ ಚಿತ್ರಾನ್ನದಲ್ಲೇ ದಿನ ದೂಡುತ್ತೀಯೋ ಎಂದು ಕೇಳಬೇಕೆಂದಿದ್ದೆ. ನಿನ್ನ ಪಕ್ಕದಲ್ಲಿ ನಿನ್ನ ಅಪ್ಪ ಇದ್ದರು, ನನ್ನ ಪಕ್ಕದಲ್ಲಿ ನನ್ನ ಮಗ ರಮೇಶ್‌ಬಾಬು ಇದ್ದ. ಕೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಹಿಪ್ಪುನೇರಳೆ ಸೊಪ್ಪಿನ ತೋಟದ ಮೂಲೆಯಲ್ಲಿ ನೀರು ನಿಲ್ಲುವ ಕುಂಟೆಯನ್ನು ಅಗೆಸಿ, ಪ್ಲಾಸ್ಟಿಕ್ ಹಾಸಿ ಕೃಷಿ ಹೊಂಡ ಮಾಡಬೇಕೆಂದು ರಮೇಶ್‌ಬಾಬು ಬಹಳ ದಿನದಿಂದ ಕುಣಿಯುತ್ತಿದ್ದನಲ್ಲ, ಅದಕ್ಕೆ ಮಂಜೂರಾತಿ ಬಂದಿದೆ. ಬರುವಾಗ ಬಸ್ಸಿನಲ್ಲೇ ಜೆಸಿಬಿಯವನಿಗೆ ಫೋನು ಮಾಡಲು ಹೊರಟ. ನಾನು ಕೈ ಹಿಡಿದೆ. ಆ ಕುಂಟೆಯ ನೈದಿಲೆ ಎಲೆಯ ಮೇಲಿರುವ ಹುಳು ಆ ಹುಡುಗಿಯ ಪಿಎಚ್‌ಡಿ ಓದು, ಐದು ವರ್ಷದ ದುಡಿಮೆ, ಅದರ ಹೊಟ್ಟೆ ಮೇಲೆ ಹೊಡೆಯಬೇಡ ಎಂದೆ. ಕಾರ್ತೀಕದಲ್ಲಿ ಅವಳು ತನ್ನ ಗೈಡ್ ಮೇಡಂ ಜೊತೆ ಒಂದು ದಿನ ಬಂದು ಹುಳು ನೋಡಿಕೊಂಡು ಹೋಗಬಹುದೆಂದು ಹಿರಿಯರ ಮುಂದೆ ನೀನೇ ಒಪ್ಪಿಲ್ಲವೇ ಎಂದೂ ಕೇಳಿದೆ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ಹುಳ ಇರೋ ತನಕ ಮುಟ್ಟಲ್ಲ ಕಣಮ್ಮ. ಆಮೇಲೆ ನನ್ನ ಕೇಳ್ಬೇಡ" ಅಂದ.

ಹಾಗಾಗಿ ಆ ಹುಳು ಹೇಗಿರುತ್ತದೆ, ಏನು ತಿನ್ನುತ್ತದೆ, ನಾನು ಏನು ನೋಡಿಕೊಳ್ಳಬೇಕು ಎಂದು ಬರೆ. ನೀನು ಇಲ್ಲಿದ್ದಾಗ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಎಲೆ ತಿರುಗಿಸುತ್ತಿದ್ದರೆ, ಇವಳಿಗೆ ಬೇರೆ ಕೆಲಸವಿಲ್ಲವೇ ಎಂದು ನಾನೂ ಅಂದುಕೊಂಡವಳೇ. ಈಗ ನೀನು ಈ ಊರಿಗೆ ಕಾಲಿಡಲು ಆ ಹುಳು ಬಿಟ್ಟರೆ ಬೇರೆ ನೆಪ ಉಳಿದಿಲ್ಲ.

ಊಟ ಬಿಡಬೇಡ ಎಂದು ಹೇಳುವ,
ನಿನ್ನ ಅತ್ತೆ

*

ಗೌರಿಬಿದನೂರು
19 ಜೂನ್ 2024

ಪ್ರೀತಿಯ ಅತ್ತಮ್ಮ,

ನಿಮ್ಮ ಕಾಗದ ಬಂದ ದಿನ ಎರಡು ಸಲ ಊಟ ಮಾಡಿದೆ. ನಿಮ್ಮ ಆಣೆ.

ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ನೀವು ಸುಮ್ಮನೆ ಆಸೆ ಇಟ್ಟುಕೊಳ್ಳಬಾರದು. ನಾನು ತಿರುಗಿ ಬರುವುದಿಲ್ಲ. ಅವರ ಮೇಲೆ ಸಿಟ್ಟಿಲ್ಲ. ನನ್ನ ಕೆಲಸ ಮುಗಿಯುವವರೆಗೆ ಮಗು ಬೇಡ ಎಂದೆ. ಅವತ್ತಿನಿಂದ ಅವರು ನನ್ನೊಂದಿಗೆ ಮಾತು ಬಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿದ್ದುಕೊಂಡು "ಅವಳಿಗೆ ಹೇಳಮ್ಮ" ಎಂದು ಎಲ್ಲವನ್ನೂ ನಿಮ್ಮ ಮೂಲಕವೇ ಹೇಳಿದರು. ನೀವು ಅನ್ನ ಬಡಿಸಿದ ಹಾಗೆ ಅವರ ಮಾತನ್ನೂ ಬಡಿಸಿದಿರಿ. ಒಂದೇ ಒಂದು ದಿನ ಅವರೇ ನೇರವಾಗಿ ಏನಾದರೂ ಕೇಳಿದ್ದರೆ, ಉಪ್ಪು ಹಾಕೆಂದು ಕೇಳಿದ್ದರೂ, ನಾನು ಪೆಟ್ಟಿಗೆ ಕಟ್ಟುತ್ತಿರಲಿಲ್ಲವೇನೋ. ಇರಲಿ ಬಿಡಿ.

ಕುಂಟೆಯನ್ನು ಉಳಿಸಿದ್ದಕ್ಕೆ ನಿಮ್ಮ ಪಾದಕ್ಕೆ ಬೀಳಬೇಕು. ಇಲ್ಲಿ ರೂಮಿನ ಮೇಲೆ ಸಿಮೆಂಟಿನ ತೊಟ್ಟಿಯಲ್ಲಿ ನೈದಿಲೆ ಬೆಳೆಸಿ, ನಿಮ್ಮ ಕುಂಟೆಯಿಂದ ತಂದ ಹುಳುಗಳನ್ನು ಬಿಟ್ಟಿದ್ದೆ. ಇಲ್ಲಿಯ ಬೋರ್‌ವೆಲ್ ನೀರಿಗೆ ಗಿಡ ಬದುಕಿತು, ಹುಳು ಬದುಕಲಿಲ್ಲ. ಬೇರೆ ಕೆರೆಗಳಲ್ಲಿ ಹುಡುಕಿ ಸಾಕಾಯಿತು. ಕೆಲವು ಒಣಗಿವೆ. ಕೆಲವನ್ನು ಜೊಂಡು ನುಂಗಿದೆ. ನೀರಿರುವ ಕಡೆ ಮೀನಿನ ಗುತ್ತಿಗೆಯವರು ಬಿಟ್ಟ ಹುಲ್ಲುಗೆಂಡೆ ನೈದಿಲೆಯನ್ನು ಬೇರಿನ ತನಕ ಮೇದು ಮುಗಿಸಿದೆ. ಎಲೆ ಹೋದರೆ ಅದನ್ನು ನಂಬಿದವರೆಲ್ಲ ಹೋದ ಹಾಗೆ. ನಾನು ಕಂಡ ಮಟ್ಟಿಗೆ ಈ ಹುಳು ಈಗ ಉಳಿದಿರುವುದು ನಿಮ್ಮ ಕುಂಟೆಯಲ್ಲಿ ಮಾತ್ರ. ಅದಕ್ಕೇ ಸಂಘಮಿತ್ರ ಮೇಡಂ ಕಾರ್ತೀಕದಲ್ಲಿ ಬಂದು ಕಣ್ಣಾರೆ ನೋಡುತ್ತೇನೆ ಎಂದಿದ್ದಾರೆ. ಅವರು ನೋಡಿ ಒಪ್ಪಿದರೆ ನನ್ನ ಐದು ವರ್ಷ ಉಳಿಯುತ್ತದೆ. ಇಲ್ಲವಾದರೆ ಎಲ್ಲ ನೀರಿನಲ್ಲಿ ಹೋಮ.

ನೈದಿಲೆಯ ಎಲೆಯನ್ನು ನೋಡಿ. ಅಂಚಿನಲ್ಲಿ ಮೊಟ್ಟೆಯಾಕಾರದ ತೂತು ಕಂಡರೆ ಹುಳು ಇದೆ ಎಂದರ್ಥ. ಅದು ಎಲೆಯಿಂದ ಎರಡು ತುಂಡು ಕತ್ತರಿಸಿ, ತನ್ನದೇ ನೂಲಿನಿಂದ ಎರಡನ್ನೂ ಹೊಲಿದು, ಒಳಗೆ ಕೂತುಕೊಳ್ಳುತ್ತದೆ. ಮನೆಯನ್ನು ಹೊತ್ತುಕೊಂಡೇ ಮೇಯುತ್ತದೆ. ಹೌದು ಅತ್ತಮ್ಮ, ನೂಲು. ನಿಮ್ಮ ರೇಷ್ಮೆ ಹುಳುವಿಗೆ ಇದು ದೂರದ ದಾಯಾದಿ.

ನಿಮ್ಮ,
ಶಿರೀಷಾ

*

ಚೌಡರೆಡ್ಡಿಹಳ್ಳಿ
14 ಜುಲೈ 2024

ಚಿ. ಸೌ. ಶಿರೀಷಾ,

ಕಂಡಿತು.

ರೇಷ್ಮೆ ಬೆಳೆ ಎದ್ದು ಗೂಡು ಮಾರ್ಕೆಟ್ಟಿಗೆ ಹೋದ ಮೇಲೆ ಬಿಡುವಾಯಿತು. ಸೀರೆ ಎತ್ತಿ ಕಟ್ಟಿ ಕುಂಟೆಗೆ ಇಳಿದೆ. ಮೊದಲು ಬರೀ ಕಸ ಅಂದುಕೊಂಡೆ, ಎಲೆಯ ಮೇಲೆ ಎಲೆಯ ಚೂರು. ಬೆರಳಿನಿಂದ ತಳ್ಳಿದರೆ ಕಸ ಹಿಂದಕ್ಕೆ ಸರಿಯಿತು. ನಾನೂ ಹಿಂದಕ್ಕೆ ಸರಿದೆ. ಆಮೇಲೆ ಅಂಗೈಗೆ ಹಾಕಿಕೊಂಡೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲಿನಿಂದ ಅತ್ತೆ ಇಣುಕುವ ಹಾಗೆ ತಲೆ ಹೊರಗೆ ಹಾಕಿತು. ಸಣ್ಣ ಕಂದು ತಲೆ, ಬಿಳಿ ಮೈ. ನಮ್ಮ ಚಾಕಿ ಹುಳುವಿನ, ಎಳೆಯ ರೇಷ್ಮೆ ಹುಳುವಿನ ಮುಖವೇ. ಮೂವತ್ತೈದು ವರ್ಷ ಹುಳು ಸಾಕಿದವಳು ನಾನು, ಮನೆಯ ಹಿತ್ತಲಿನ ನೀರಿನಲ್ಲಿ ಅದರ ದಾಯಾದಿ ನೂಲು ತೆಗೆಯುತ್ತಿದೆ ಎಂದು ನನಗೆ ಗೊತ್ತಿರಲಿಲ್ಲ ನೋಡು.

ಈಗ ದಿನಾ ಬೆಳಗ್ಗೆ ಹೋಗುತ್ತೇನೆ. ಎಲೆಯ ಕೆಳಗೆ ಬೇರೆ ಏನೇನೋ ಇವೆ. ದಂಟಿಗೆ ಅಂಟಿಕೊಂಡ ಕಡ್ಡಿಯಂಥ ಹುಳು, ಕೆಂಪು ದಾರದಂಥ ಹುಳು, ಶಂಖದ ಹುಳು. ಇವರೆಲ್ಲ ಒಳ್ಳೆಯವರೋ ಕೆಟ್ಟವರೋ ಬರೆ. ಕೆಟ್ಟವರಾದರೆ ತೆಗೆದುಹಾಕುತ್ತೇನೆ.

ಇನ್ನೊಂದು ವಿಷಯ. ನೀನು ಬರುವುದಿಲ್ಲ ಎಂದು ಬರೆದದ್ದನ್ನು ಓದಿದೆ. ನಾನೇನೂ ಬಾ ಎಂದು ಕರೆದಿರಲಿಲ್ಲವಲ್ಲ. ಹುಳುವಿನ ವಿಷಯ ಕೇಳಿದೆ ಅಷ್ಟೇ.

ಮೊನ್ನೆ ನಾನು ಕುಂಟೆಯಿಂದ ಬಂದಾಗ ರಮೇಶ್‌ಬಾಬು ಊಟಕ್ಕೆ ಕೂತಿದ್ದ. "ಇದಾವಾ?" ಎಂದ. ಇವೆ ಎಂದೆ. ತಟ್ಟೆ ನೋಡುತ್ತಾ ತಲೆಯಾಡಿಸಿದ. ಅದು ಕೋಪವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಹೆತ್ತವಳಿಗೇ ತಿಳಿಯದ ಮುಖವನ್ನು ನೀನು ಎರಡು ವರ್ಷ ನೋಡಿಕೊಂಡು ಹೇಗಿದ್ದೆಯೋ.

ಇಂದಿಗೆ ಇಷ್ಟು,
ನಿನ್ನ ಅತ್ತೆ

*

ಗೌರಿಬಿದನೂರು
2 ಆಗಸ್ಟ್ 2024

ಪ್ರೀತಿಯ ಅತ್ತಮ್ಮ,

ಬಾಗಿಲಿನಿಂದ ಇಣುಕುವ ಅತ್ತೆ ಎಂದು ಓದಿ ಕ್ಲಾಸಿನಲ್ಲೇ ನಕ್ಕುಬಿಟ್ಟೆ. ಮಕ್ಕಳು ಗಾಬರಿಯಾದರು.

ಯಾರನ್ನೂ ತೆಗೆದುಹಾಕಬೇಡಿ. ದಂಟಿಗೆ ಅಂಟಿಕೊಂಡಿರುವುದು ಏರೋಪ್ಲೇನ್ ಚಿಟ್ಟೆಯ ಮರಿ. ಅದು ನಮ್ಮ ಹುಳುವನ್ನು ಒಂದೊಂದು ಸಲ ಹಿಡಿದು ತಿನ್ನುತ್ತದೆ, ತಿನ್ನಲಿ. ಕೆಂಪು ದಾರದಂಥದ್ದು ಕೆಸರಿನಲ್ಲಿ ಕೊಳೆತದ್ದನ್ನು ತಿಂದು ಬದುಕುತ್ತದೆ. ನಮ್ಮ ಹುಳು ಎಲೆ ಕತ್ತರಿಸುವಾಗ ಉದುರುವ ಚೂರು ಶಂಖದ ಹುಳುವಿಗೆ ಊಟ. ಒಬ್ಬರ ಎಂಜಲು ಇನ್ನೊಬ್ಬರ ಅನ್ನ. ಒಂದು ಗಿಡ ಇಷ್ಟು ಜನರ ಸಂಸಾರ ನಡೆಸುತ್ತದೆ ಎಂದು ತೋರಿಸುವುದೇ ನನ್ನ ಕೆಲಸ, ಇಷ್ಟು ದಿನ ನಿಮಗೆ ಸರಿಯಾಗಿ ಹೇಳಿಯೇ ಇರಲಿಲ್ಲ.

ಹುಳು ಬೆಳೆದಂತೆ ಮೈತುಂಬ ಬಿಳಿ ಎಳೆಗಳು ಬರುತ್ತವೆ. ಬೂಷ್ಟು ಹಿಡಿದಿದೆ ಎಂದುಕೊಳ್ಳಬೇಡಿ, ಅದು ನೀರಿನಲ್ಲಿ ಉಸಿರಾಡುವುದು ಅದರಿಂದಲೇ. ಪೊರೆ ಬಿಡುವ ಸಮಯದಲ್ಲಿ ಮೇಯುವುದನ್ನು ನಿಲ್ಲಿಸಿ ಗೂಡಿನೊಳಗೆ ಅಲುಗದೆ ಕೂರುತ್ತದೆ. ನಿಮ್ಮ ಹುಳು ಜ್ವರಕ್ಕೆ ಕೂತ ಹಾಗೆಯೇ. ಕಡೆಯಲ್ಲಿ ನೀರಿನ ಕೆಳಗೆ ದಂಟಿಗೆ ಗೂಡು ಕಟ್ಟುತ್ತದೆ. ಕಟ್ಟುವ ಮೊದಲು ದಂಟಿಗೊಂದು ತೂತು ಮಾಡಿಕೊಳ್ಳುತ್ತದೆ, ಗಿಡದ ಒಳಗಿರುವ ಗಾಳಿಯೇ ಅದಕ್ಕೆ ಉಸಿರು. ಆಮೇಲೆ ಬಿಳಿ ಪತಂಗವಾಗಿ ಮೇಲೆ ಬರುತ್ತದೆ. ಮೇಡಂ ನೋಡಬೇಕೆಂದಿರುವುದು ಆ ಗೂಡುಗಳನ್ನೇ.

ಹೆಚ್ಚಿಗೆ ಏನೂ ಬೇಡ. ನಿಮ್ಮ ರೇಷ್ಮೆ ಹುಳುವನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು. ನಿಮಗಿಂತ ಚೆನ್ನಾಗಿ ಅದನ್ನು ಯಾರು ಬಲ್ಲರು?

ನಿಮ್ಮ,
ಶಿರೀಷಾ

*

ಚೌಡರೆಡ್ಡಿಹಳ್ಳಿ
28 ಆಗಸ್ಟ್ 2024

ಚಿ. ಸೌ. ಶಿರೀಷಾ,

ನಿನಗೆ ಸಂತೋಷದ ಸುದ್ದಿ ಬರೆಯಲು ಕೂತಿದ್ದೇನೆ.

ಹೋದ ವಾರ ಕುಂಟೆಗೆ ಹೋದಾಗ ಹುಳುಗಳು ಮೇಯುತ್ತಿರಲಿಲ್ಲ. ತಳ್ಳಿದರೂ ಸರಿಯಲಿಲ್ಲ, ತಲೆ ಹಾಕಲಿಲ್ಲ. ಒಂದಲ್ಲ, ನೋಡಿದ್ದೆಲ್ಲ ಹಾಗೇ. ಆಮೇಲೆ ನೀನು ಬರೆದದ್ದು ನೆನಪಾಯಿತು, ಜ್ವರಕ್ಕೆ ಕೂತಿವೆ. ಹುಳು ಜ್ವರಕ್ಕೆ ಕೂತಾಗ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಹೊತ್ತಿನಲ್ಲೇ ರೋಗ ತಗಲುವುದು. ಈ ಶ್ರಾವಣದಲ್ಲಿ ಸುತ್ತಮುತ್ತ ಎಲ್ಲರ ಮನೆಯಲ್ಲೂ ಹಾಲು ರೋಗ ಬಂದು ಹುಳು ತಿಪ್ಪೆಗೆ ಹೋಗುತ್ತಿದೆ. ನಮ್ಮ ಹುಳುವಿನ ತಟ್ಟೆ ತೊಳೆದ ನೀರು ಕುಂಟೆಯ ಕಡೆಗೇ ಹರಿಯುತ್ತದೆ. ಅಲ್ಲಿಂದ ಇವಕ್ಕೂ ಬಡಿದರೆ ನಿನಗೆ ಯಾವ ಮುಖ ತೋರಿಸಲಿ?

ಹುಳುಮನೆಯಲ್ಲಿದ್ದ ಸುಣ್ಣದ ಪುಡಿ, ಹುಳುವಿನ ಹಾಸಿಗೆಯ ಮೇಲೆ ಉದುರಿಸುವ ಔಷಧಿ ಪುಡಿ, ಎರಡನ್ನೂ ಬೆರೆಸಿದೆ. ಚೀಲ ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಇಳಿದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಾಗೆ ಒಂದೊಂದು ಎಲೆಗೂ ಹಾಕಿದೆ. ಎಲೆ ಬಿಟ್ಟು ನೀರಿಗೆ ಬಿದ್ದದ್ದೇ ಜಾಸ್ತಿ ಅನ್ನಿಸಿ ಮರುದಿನ ಇನ್ನೊಂದು ಚೀಲ ಹಾಕಿದೆ. ಕಾಲು ಉರಿದವು, ಇರಲಿ. ಈ ಮೈಗೆ ಸುಣ್ಣ ಹೊಸದಲ್ಲ.

ಎರಡು ದಿನ ನೀರು ಮಜ್ಜಿಗೆಯ ಹಾಗಿತ್ತು. ಈಗ ಹೋಗಿ ನೋಡಬೇಕು ನೀನು. ತಳದ ಕಲ್ಲು ಕಾಣುವಷ್ಟು ತಿಳಿಯಾಗಿದೆ. ನಾನು ಈ ಮನೆಗೆ ಬಂದಾಗಿನಿಂದ ಆ ಕುಂಟೆಯ ತಳ ನೋಡಿರಲಿಲ್ಲ. ಸೊಳ್ಳೆಯ ಮರಿ ಕೂಡ ಇಲ್ಲ, ಅಷ್ಟು ಚೊಕ್ಕಟ. ಹುಳುಗಳು ಇನ್ನೂ ಎದ್ದಿಲ್ಲ. ಏಳುತ್ತವೆ, ನೀನು ಯೋಚನೆ ಮಾಡಬೇಡ.

ಹಬ್ಬಕ್ಕೆ ಸೀರೆ ಉಟ್ಟೆಯಾ? ಬರೆ.

ನಿನ್ನ ಕೆಲಸವನ್ನು ತನ್ನದೆಂದು ಮಾಡಿದ,
ಅತ್ತೆ

*

ಗೌರಿಬಿದನೂರು
5 ಸೆಪ್ಟೆಂಬರ್ 2024

ಪ್ರೀತಿಯ ಅತ್ತಮ್ಮ,

ಕಾಗದ ಬಂತು. ಇನ್ನು ಮುಂದೆ ಕುಂಟೆಗೆ ಯಾವ ಪುಡಿಯನ್ನೂ ಹಾಕಬೇಡಿ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ.

ಹುಳು ಎದ್ದವೇ? ಎಲೆಯಲ್ಲಿ ಹೊಸ ತೂತು ಬಿದ್ದಿದೆಯೇ? ನೋಡಿ ಒಂದೇ ಸಾಲು ಬರೆಯಿರಿ.

ಹಬ್ಬಕ್ಕೆ ನೀವು ಕೊಟ್ಟ ಹಸಿರು ಸೀರೆ ಉಟ್ಟಿದ್ದೆ.

ಶಿರೀಷಾ

*

ಗೌರಿಬಿದನೂರು
27 ಸೆಪ್ಟೆಂಬರ್ 2024

ಪ್ರೀತಿಯ ಅತ್ತಮ್ಮ,

ನಿಮ್ಮಿಂದ ಏನೂ ಬರಲಿಲ್ಲ. ಕಾಲು ಹೇಗಿದೆ? ಗಾಯವಾಗಿದ್ದರೆ ಶಿಡ್ಲಘಟ್ಟದಲ್ಲಿ ಡಾಕ್ಟರಿಗೆ ತೋರಿಸಿ, ಉದಾಸೀನ ಮಾಡಬೇಡಿ.

ಹುಳುವಿನ ವಿಷಯ ಏನೇ ಆಗಿದ್ದರೂ ಬರೆಯಬಹುದು. ನಾನು ಏನೂ ಅಂದುಕೊಳ್ಳುವುದಿಲ್ಲ.

ಶಿರೀಷಾ

*

ಚೌಡರೆಡ್ಡಿಹಳ್ಳಿ
18 ಅಕ್ಟೋಬರ್ 2024

ಚಿ. ಸೌ. ಶಿರೀಷಾ,

ಬರೆಯುವುದು ತಡವಾಯಿತು. ಬೆಳೆ ಇತ್ತು, ಆಮೇಲೆ ದಸರಾ ಬಂತು.

ಹುಳು ಇವೆ. ಚೆನ್ನಾಗಿವೆ. ಒಳ್ಳೆಯ ಮಳೆಯಾಗಿ ಕುಂಟೆಗೆ ನೀರು ಬಂದಿದೆ. ಹಳೆಯ ಎಲೆ ಕೊಳೆತುಹೋಗಿ ಬುಡದಿಂದ ಹೊಸ ಎಲೆ ಎದ್ದಿವೆ. ಅವುಗಳಲ್ಲೂ ತೂತು ಬೀಳುತ್ತಿವೆ. ನೀನು ಹೇಳಿದ ಹಾಗೇ ಅಂಚಿನಲ್ಲಿ, ಮೊಟ್ಟೆಯಾಕಾರದಲ್ಲಿ. ನಿನಗೆ ಅನುಮಾನ ಬೇಡವೆಂದು ಒಂದು ಎಲೆಯನ್ನು ಒಣಗಿಸಿ ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ.

ರಮೇಶ್‌ಬಾಬುವಿಗೂ ತೋರಿಸಿದೆ. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದ. ಹುಳ ಇರುವವರೆಗೆ ಮುಟ್ಟುವುದಿಲ್ಲ ಎಂದು ಇನ್ನೊಂದು ಸಲ ಅಂದ. ಒಂದು ಸಲ ಮಾತು ಕೊಟ್ಟರೆ ತಪ್ಪುವ ಹುಡುಗನಲ್ಲ ಅವನು. ಅದೊಂದು ಗುಣ ನೀನೂ ಒಪ್ಪಬೇಕು.

ನಿಮ್ಮ ಮೇಡಂ ಬರುವ ದಿನ ಬರೆ. ಒಬ್ಬಟ್ಟು ಮಾಡುತ್ತೇನೆ. ಬಂದವರು ಕುಂಟೆಯ ಬಳಿಯೇ ನಿಂತು ಹೋಗಬಾರದು, ಮನೆಗೆ ಬಂದು ಊಟ ಮಾಡಬೇಕು. ನೀನೂ.

ದಾರಿ ಕಾಯುವ,
ಅತ್ತೆ

*

ಗೌರಿಬಿದನೂರು
24 ನವೆಂಬರ್ 2024

ಅತ್ತಮ್ಮ,

ಮೊನ್ನೆ ಊಟಕ್ಕೆ ಬರದೆ ಹೊರಟುಬಿಟ್ಟೆ. ಮೇಡಂಗೆ ಬಸ್ಸಿನ ಹೊತ್ತಾಯಿತು ಎಂದದ್ದು ಸುಳ್ಳು. ನಾನು ನಿಮ್ಮ ಅಡುಗೆಮನೆಯಲ್ಲಿ ಕೂತು ಒಬ್ಬಟ್ಟು ತಿನ್ನಲಾರದೆ ಹೋದೆ.

ನೀವು ದಡದಲ್ಲಿ ನಿಂತಿದ್ದಿರಿ. ನಾನೂ ಮೇಡಂ ಇಬ್ಬರೂ ನೀರಿಗೆ ಇಳಿದೆವು. ಹೊಸ ಎಲೆಗಳು, ಒಂದೊಂದರಲ್ಲೂ ಅಂದವಾದ ತೂತು. ಮೇಡಂ ಎಲೆ ತಿರುಗಿಸಿ ನೋಡಿದರು. ಆಮೇಲೆ ದಂಟು ನೋಡಿದರು. ಕೆಸರನ್ನು ಜಾಲರಿಯಲ್ಲಿ ಎತ್ತಿ ನೋಡಿದರು. ದಂಟಿಗೆ ಗೂಡಿರಲಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿಯಿರಲಿಲ್ಲ, ಕೆಂಪು ಹುಳು ಇರಲಿಲ್ಲ. ಶಂಖದ ಚಿಪ್ಪುಗಳಿದ್ದವು, ಒಳಗೆ ಯಾರೂ ಇರಲಿಲ್ಲ. ಜಾಲರಿಗೆ ಬಂದದ್ದು ಬಿಳಿ ಸುಣ್ಣದ ಕೆಸರು. ಗಾಳಿಗೆ ತೇಲಿಹೋಗಿ ಆಚೆ ಮೂಲೆಯಲ್ಲಿ ಎಲೆಯ ತುಂಡುಗಳು ಗುಡ್ಡೆ ಬಿದ್ದಿದ್ದವು. ಎಲ್ಲ ಮೊಟ್ಟೆಯಾಕಾರದವು, ಎಲ್ಲ ಬಿಡಿಬಿಡಿ. ಹುಳು ಕತ್ತರಿಸಿದ ತುಂಡನ್ನು ಬಿಟ್ಟು ಹೋಗುವುದಿಲ್ಲ ಅತ್ತಮ್ಮ, ಹೊಲಿದುಕೊಂಡು ಅದರೊಳಗೆ ಇರುತ್ತದೆ. ನೀವು ಕಳಿಸಿದ ಎಲೆ ನೋಡಿದಾಗಲೇ ನನಗೆ ತಿಳಿದಿತ್ತು. ಅಂಚು ಅಷ್ಟು ನುಣುಪಾಗಿತ್ತು. ಅಲ್ಲಿ ನನ್ನ ಮೇಜಿನ ಡ್ರಾಯರಿನಲ್ಲಿ ಬಿಟ್ಟುಬಂದ ಸಣ್ಣ ಕತ್ತರಿಯ ಕೆಲಸ ಎಂದು ಗುರುತು ಹಿಡಿದೆ. ತಿಳಿದೂ ಮೇಡಂ ಅವರನ್ನು ಕರೆದುಕೊಂಡು ಬಂದೆ. ಒಂದಾದರೂ ಉಳಿದಿರಬಹುದೇನೋ ಎಂದು.

ಮೇಡಂ ಅಲ್ಲಿ ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಹೇಳಿದರು. ಹುಳು ಇಲ್ಲದೆ ಈ ಕೆಲಸ ಒಪ್ಪಿಸಲಾಗುವುದಿಲ್ಲ, ಇನ್ನೆಲ್ಲೂ ಇದು ಸಿಗುವುದೂ ಇಲ್ಲ, ಹೊಸದಾಗಿ ಬೇರೆ ಏನಾದರೂ ಶುರು ಮಾಡು ಎಂದರು. ಇನ್ನೊಂದು ಐದು ವರ್ಷ ನನ್ನಲ್ಲಿ ಇಲ್ಲ. ಇಲ್ಲೇ ಪಾಠ ಮಾಡಿಕೊಂಡು ಇರುತ್ತೇನೆ.

ಈಗ ಹೇಳಬೇಕಾದ ಮಾತು. ನಾವು ನೀರಿನಿಂದ ಮೇಲೆ ಬಂದಾಗ ಅವರು ತೋಟದ ಬದುವಿನಲ್ಲಿ ನಿಂತಿದ್ದರು. ನೀವೂ ಕೇಳಿಸಿಕೊಂಡಿರಿ. ಇಷ್ಟು ವರ್ಷದ ಮೇಲೆ ಮೊದಲ ಸಲ, ನಿಮ್ಮ ಕಡೆ ನೋಡದೆ ನನ್ನನ್ನೇ ನೋಡಿ ಕೇಳಿದರು.

"ಹುಳ ಇದಾವಾ?"

ನಾನು ನಿಮ್ಮ ಮುಖ ನೋಡಿದೆ. ಇಲ್ಲ ಎಂದರೆ ಮರುದಿನವೇ ಜೆಸಿಬಿ ಬರುತ್ತದೆ, ನೀವು ಇಷ್ಟು ದಿನ ಕತ್ತರಿ ಹಿಡಿದು ಪಟ್ಟ ಪಾಡೆಲ್ಲ ಅವರೆದುರು ಬೀದಿಗೆ ಬೀಳುತ್ತದೆ. "ಇದಾವೆ" ಎಂದೆ. ಅವರು ತಲೆಯಾಡಿಸಿ ಹೋದರು.

ಅತ್ತಮ್ಮ, ರೇಷ್ಮೆ ಹುಳುವನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಿ ಎಂದು ಬರೆದವಳು ನಾನು. ನೀವು ಅಕ್ಷರ ಬಿಡದೆ ಹಾಗೇ ಮಾಡಿದಿರಿ. ತಪ್ಪು ನಿಮ್ಮದೆಂದು ಒಂದು ಕ್ಷಣವೂ ಅಂದುಕೊಳ್ಳಬೇಡಿ. ಅಂದುಕೊಳ್ಳುತ್ತೀರಿ, ನನಗೆ ಗೊತ್ತು.

ಇನ್ನು ಎಲೆ ಕತ್ತರಿಸಬೇಡಿ. ಚಳಿಗೆ ನೀರಿನಲ್ಲಿ ನಿಲ್ಲಬೇಡಿ.

ಶಿರೀಷಾ

*

ಚೌಡರೆಡ್ಡಿಹಳ್ಳಿ
22 ಡಿಸೆಂಬರ್ 2024

ಚಿ. ಶಿರೀಷಾ,

ಕೋರ್ಟಿನ ಕೆಲಸ ಇಷ್ಟು ಬೇಗ ಮುಗಿಯುತ್ತದೆಂದು ಗೊತ್ತಿರಲಿಲ್ಲ. ಒಂದು ಬಸ್ಸಿಗೆ ಹೋಗಿ ಮುಂದಿನ ಬಸ್ಸಿಗೆ ವಾಪಸು ಬಂದೆವು. ನಿನ್ನ ಮದುವೆಯ ದಿನ ಅದೇ ಚಿಂತಾಮಣಿಯಲ್ಲಿ ಬೀಗರ ಊಟಕ್ಕೇ ಅದಕ್ಕಿಂತ ಹೆಚ್ಚು ಹೊತ್ತಾಗಿತ್ತು. ನೀನು ಹಸಿರು ಸೀರೆ ಉಟ್ಟು ಬಂದಿದ್ದೆ. ನೋಡಿದೆ.

ಬಸ್ಸಿನಲ್ಲಿ ರಮೇಶ್‌ಬಾಬು ಕಿಟಕಿಯ ಕಡೆ ತಿರುಗಿ ಕೂತಿದ್ದ. ಕೈವಾರ ಕ್ರಾಸಿನ ಹತ್ತಿರ ತಾನಾಗಿ ಬಾಯಿಬಿಟ್ಟ.

"ಅವಳಿಗೆ ಹೇಳಮ್ಮ, ಹುಳ ಇಲ್ಲ ಅಂತ ನಂಗೆ ದಸರಾಕ್ಕೇ ಗೊತ್ತಿತ್ತು. ನೀನು ಬೆಳಿಗ್ಗೆ ಕತ್ತರಿ ಹಿಡ್ಕೊಂಡು ಕುಂಟೆಗೆ ಹೋಗೋದು ನೋಡಿದ್ದೆ."

ಹಾಗಿದ್ದರೆ ಜೆಸಿಬಿ ಯಾಕೆ ತರಿಸಲಿಲ್ಲ ಎಂದು ಕೇಳಿದೆ. ಕೈಯಲ್ಲಿದ್ದ ಟಿಕೆಟ್ಟನ್ನು ಸಣ್ಣಗೆ ಮಡಚಿದ. ಆಮೇಲೆ, ಹುಳ ಇದೆ ಅಂತ ಇದ್ದರೆ ಅವಳು ಒಂದು ಸಲ ಬರುತ್ತಾಳಲ್ಲ ಅಂತ ಸುಮ್ಮನಿದ್ದೆ ಎಂದ. ಬಂದಾಗ ಅದಕ್ಕೇ ನಿನ್ನನ್ನು ಕೇಳಿದನಂತೆ.

"ಇಲ್ಲ ಅಂದಿದ್ರೆ ಅವಳ ಆ ಕೆಲಸ ಮುಗೀತು ಅಂತ ಲೆಕ್ಕ. ಮನೇಗೆ ಹೋಗಣ ಬಾ ಅನ್ನೋಕೆ ಬಾಯಿಗೆ ಬಂದಿತ್ತು. ಇದಾವೆ ಅಂದ್ಲು. ಇನ್ನೇನು ಹೇಳ್ಲಿ. ಇದನ್ನ ಮಾತ್ರ ಅವಳಿಗೆ ಹೇಳ್ಬೇಡಮ್ಮ."

ಅವನು ಹೇಳು ಎಂದದ್ದನ್ನೆಲ್ಲ ಎರಡು ವರ್ಷ ನಿನಗೆ ಹೇಳಿದೆ. ಹೇಳಬೇಡ ಎಂದದ್ದನ್ನು ಇದೊಂದು ಸಲ ಹೇಳುತ್ತಿದ್ದೇನೆ. ನೀನು ಬರುತ್ತಿದ್ದೆಯೋ ಇಲ್ಲವೋ ನನಗೆ ತಿಳಿಯದು. ಅದನ್ನು ಬರೆಯಬೇಡ. ಬರುತ್ತಿದ್ದೆ ಎಂದು ಬರೆದರೆ ನಾನು ಹೇಗೆ ತಡೆದುಕೊಳ್ಳಲಿ?

ಮೊನ್ನೆ ಮಂಗಳವಾರ ಜೆಸಿಬಿ ಬಂತು. ನೈದಿಲೆಯ ಗಡ್ಡೆಗಳನ್ನು ಬುಟ್ಟಿಯಲ್ಲಿ ತುಂಬಿ ತೋಟದ ಬದುವಿಗೆ ಸುರಿದರು. ಈಗ ಗುಂಡಿಗೆ ಕಪ್ಪು ಪ್ಲಾಸ್ಟಿಕ್ ಹಾಸಿ, ಬೋರಿನ ನೀರು ಬಿಟ್ಟಿದ್ದಾರೆ. ಸುತ್ತ ಬೇಲಿ ಹಾಕಿ ಬೀಗ ಹಾಕಿದ್ದಾರೆ. ನಾನು ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಅಲ್ಲಿಯವರೆಗೆ ಹೋಗುತ್ತೇನೆ. ಬೇಲಿ ಸಿಕ್ಕ ಮೇಲೆ ನೆನಪಾಗಿ ತಿರುಗಿ ಬರುತ್ತೇನೆ. ಗೂಡು ಕಟ್ಟುವ ಹುಳುವಿಗೆ ದಂಟಿನಿಂದ ಉಸಿರು ಬರುತ್ತದೆ ಎಂದು ಬರೆದಿದ್ದೆಯಲ್ಲ, ಬದುವಿನ ಮೇಲೆ ಒಣಗಿ ಬಿದ್ದ ಒಂದು ದಂಟನ್ನು ಮುರಿದು ನೋಡಿದೆ. ಒಳಗೆ ನಿಜವಾಗಿಯೂ ಟೊಳ್ಳು ಕೊಳವೆಗಳಿವೆ. ನೀನು ಇಲ್ಲಿದ್ದಾಗಲೇ ನೋಡಬೇಕಿತ್ತು.

ನಿನ್ನ ಕತ್ತರಿಯನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಸ್ವಲ್ಪ ತುಕ್ಕು ಹಿಡಿದಿದೆ.

ಇನ್ನು ನೀನು ಬರೆಯಬೇಕಾದ್ದೇನೂ ಇಲ್ಲ. ಹುಳುವಿನ ವಿಷಯ ಬರೆಯುತ್ತಿದ್ದೆವು, ಹುಳು ಇಲ್ಲ. ಪೋಸ್ಟಿನ ಸುನೀಲ ನಿನ್ನ ಕಾಗದ ಕೊಡುವಾಗೆಲ್ಲ ಯಾರದಮ್ಮ ಎಂದು ಕೇಳುತ್ತಿದ್ದ, ಸೊಸೆಯದು ಎನ್ನುತ್ತಿದ್ದೆ. ಇನ್ನು ಕೇಳಿದರೆ ಏನೆನ್ನಲಿ? ಈ ಕಾಗದದ ಕೊನೆಯಲ್ಲಿ ನಿನಗೆ ನಾನು ಏನಾಗಬೇಕೆಂದು ಬರೆಯಲು ಬಹಳ ಹೊತ್ತು ಯೋಚಿಸಿದೆ. ಏನೂ ತೋಚಲಿಲ್ಲ. ಬರೀ ಹೆಸರು ಬರೆದಿದ್ದೇನೆ.

ಆದಿಲಕ್ಷ್ಮಮ್ಮ